ಫೈಲ್ ಕದಲುವುದೇ ಇಲ್ಲ

ಡೆಸ್ಕ್‌ಟಾಪ್ ಕಂಪ್ಯೂಟರ್‌ನಲ್ಲಿ 50 ಜಿಬಿಯ ಒಂದು ವಿಡಿಯೊ ಇದೆ ಅಂದುಕೊಳ್ಳಿ. ಅದನ್ನು ಕಟ್ ಮಾಡಿ ಅದೇ ಡ್ರೈವ್‌ನ ಇನ್ನೊಂದು ಫೋಲ್ಡರ್‌ಗೆ ಪೇಸ್ಟ್ ಮಾಡಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಯುತ್ತದೆ. ಲ್ಯಾಪ್‌ಟಾಪ್‌ಗೆ ಕಳಿಸಲು ಹೋದರೆ ಮಾತ್ರ ಹಸಿರು ಪಟ್ಟಿ ಆಮೆಯ ಹಾಗೆ ತೆವಳುತ್ತದೆ. ಫೈಲ್ ಅದೇ, ಗಾತ್ರವೂ ಅದೇ. ಮತ್ತೇಕೆ ಹೀಗೆ?

ಒಂದೇ ಡ್ರೈವ್ ಒಳಗೆ ಫೈಲ್ ಜಾಗ ಬಿಟ್ಟು ಕದಲುವುದಿಲ್ಲ. ಯಾವ ಫೈಲ್ ಎಲ್ಲಿದೆ ಎಂದು ಡ್ರೈವ್ ಬರೆದಿಟ್ಟುಕೊಂಡ ಪಟ್ಟಿಯಲ್ಲಿ ಒಂದು ಸಾಲು ಬದಲಾಗುತ್ತದೆ, ಅಷ್ಟೆ. ಇನ್ನೊಂದು ಕಂಪ್ಯೂಟರ್‌ಗಾದರೆ ಪೂರ್ತಿ ಫೈಲನ್ನು ಇಲ್ಲಿ ಓದಿ, ಅಲ್ಲಿ ಹೊಸದಾಗಿ ಬರೆಯಬೇಕು. ಆಮೇಲೆ ಇಲ್ಲಿನ ಸಾಲನ್ನು ಹೊಡೆದುಹಾಕಬೇಕು. ಅಂದರೆ ಫೈಲ್ ಆಗಲೂ ಕದಲುವುದಿಲ್ಲ. ಅಲ್ಲೊಂದು ಹುಟ್ಟುತ್ತದೆ, ಇಲ್ಲೊಂದು ಅಳಿಯುತ್ತದೆ.

ಇದು ನನಗೆ ಅರ್ಥವಾಗಿದ್ದು ಪೆಟ್ಟು ತಿಂದ ಮೇಲೆ. ಫೋಟೊಗಳ ಫೋಲ್ಡರನ್ನು ಕಟ್ ಮಾಡಿ ಕಳಿಸುತ್ತಿದ್ದಾಗ ಅರ್ಧದಲ್ಲಿ ಕೇಬಲ್ ಕಳಚಿಕೊಂಡಿತು. ಅರ್ಧ ಫೋಟೊ ಅಲ್ಲಿ, ಅರ್ಧ ಇಲ್ಲಿ. ಯಾವುದು ಎಲ್ಲಿದೆ ಎಂದು ಹೊಂದಿಸುವಷ್ಟರಲ್ಲಿ ಒಂದು ಸಂಜೆ ಪೂರ್ತಿ ಹೋಯಿತು. ಆವತ್ತಿನಿಂದ ಎರಡು ಕಂಪ್ಯೂಟರ್ ನಡುವೆ ನಾನು ಕಟ್ ಬಳಸುವುದಿಲ್ಲ. ಕಾಪಿ ಮಾಡಿ, ಅಲ್ಲಿ ತೆರೆದು ನೋಡಿ, ಆಮೇಲಷ್ಟೇ ಇಲ್ಲಿ ಡಿಲೀಟ್.

ಮೊಬೈಲ್ ಜೋಡಿಸಿದ ಹಾಗೆ ಎರಡು ಕಂಪ್ಯೂಟರ್‌ಗಳನ್ನೂ ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಬಹುದಲ್ವಾ ಎಂದು ಹಲವರು ಕೇಳುತ್ತಾರೆ. ಯುಎಸ್‌ಬಿಯಲ್ಲಿ ಒಬ್ಬ ಯಜಮಾನ, ಇನ್ನೊಬ್ಬ ಅವನು ಹೇಳಿದಂತೆ ಕೇಳುವವನು. ಮೊಬೈಲ್ ಕೇಳುತ್ತದೆ. ಎರಡು ಕಂಪ್ಯೂಟರ್ ಸೇರಿದರೆ ಇಬ್ಬರೂ ಯಜಮಾನರೇ! ಎರಡೂ ತುದಿ ಹಳೆಯ ಚಪ್ಪಟೆ ಪಿನ್ನಿನ ಸಾದಾ ಕೇಬಲ್ ಹಾಕಿದರಂತೂ ಎರಡೂ ಕಡೆಯಿಂದ 5 ವೋಲ್ಟ್ ಎದುರುಬದುರಾಗಿ ಪೋರ್ಟ್ ಹಾಳಾಗಬಹುದು. ಸುಮ್ನೆ ಆ ಸಾಹಸ ಬೇಡ.

ನನ್ನ ಓಟು ಲ್ಯಾನ್ ಕೇಬಲ್‌ಗೆ, ಅಂದರೆ ಕಂಪ್ಯೂಟರನ್ನು ವೈಫೈ ರೂಟರ್‌ಗೆ ಜೋಡಿಸುವ ವೈರ್‌ಗೆ. ರೂಟರ್ ಕೂಡ ಬೇಡ, ನೇರವಾಗಿ ಎರಡಕ್ಕೂ ಚುಚ್ಚಿದರೆ ಸಾಕು. ಹಿಂದೆ ಇದಕ್ಕೆಂದೇ ಕ್ರಾಸ್‌ಓವರ್ ಕೇಬಲ್ ಬೇಕಿತ್ತು, ಏಕೆಂದರೆ ಒಂದರ ಬಾಯಿ ಇನ್ನೊಂದರ ಕಿವಿಗೆ ಸೇರಬೇಕು. ಈಗಿನ ಪೋರ್ಟ್‌ಗಳು ತಾವೇ ಅದಲು ಬದಲು ಮಾಡಿಕೊಳ್ಳುತ್ತವೆ. ವಿಳಾಸ ಹಂಚುವ ರೂಟರ್ ಇಲ್ಲದಿದ್ದರೆ 169.254 ಎಂದು ಶುರುವಾಗುವ ವಿಳಾಸವನ್ನು ಕಂಪ್ಯೂಟರ್‌ಗಳು ತಾವೇ ಇಟ್ಟುಕೊಳ್ಳುತ್ತವೆ. ಹಂಚಬೇಕಾದ ಫೋಲ್ಡರ್‌ಗೆ ಶೇರಿಂಗ್ ಆನ್ ಮಾಡುವುದಷ್ಟೇ ನಮ್ಮ ಕೆಲಸ.

ಗಿಗಾಬಿಟ್ ಲ್ಯಾನ್‌ನ ವೇಗ ಸೆಕೆಂಡಿಗೆ 1000 ಮೆಗಾಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ 8ರಿಂದ ಭಾಗಿಸಿ: 125 ಮೆಗಾಬೈಟ್. ಕೈಗೆ ಸಿಗುವುದು ಸುಮಾರು 110. ನಮ್ಮ ವಿಡಿಯೊಗೆ ಎಂಟು ನಿಮಿಷ ಸಾಕು. ಆದರೆ ಕೇಬಲ್ ತುದಿಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಒಳಗೆ ಎಂಟು ಬಣ್ಣದ ತಂತಿ, ನಾಲ್ಕು ಜೋಡಿ. ಗಿಗಾಬಿಟ್‌ಗೆ ನಾಲ್ಕೂ ಬೇಕು, 100 ಮೆಗಾಬಿಟ್‌ಗೆ ಎರಡೇ ಜೋಡಿ ಸಾಕು. ಹಾಗಾಗಿ ಒಂದು ತಂತಿ ತುಂಡಾದರೂ ಕೆಲವೊಮ್ಮೆ ಸಂಪರ್ಕ ಹೋಗುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಎಂಟು ನಿಮಿಷದ ಕೆಲಸ ಒಂದೂಕಾಲು ಗಂಟೆ ಎಳೆಯುತ್ತದೆ. ಬೈಗುಳ ಮಾತ್ರ ಕಂಪ್ಯೂಟರ್‌ಗೆ.

ವೈಫೈ ಸುಲಭ, ನಿಜ. ಆದರೆ ಎರಡೂ ಕಂಪ್ಯೂಟರ್ ಒಂದೇ ವೈಫೈನಲ್ಲಿದ್ದರೆ ಪ್ರತಿ ತುಣುಕೂ ಗಾಳಿಯಲ್ಲಿ ಎರಡು ಸಲ ಹಾರಬೇಕು: ಇಲ್ಲಿಂದ ರೂಟರ್‌ಗೆ, ರೂಟರ್‌ನಿಂದ ಅಲ್ಲಿಗೆ. ಒಂದನ್ನಾದರೂ ಕೇಬಲ್‌ನಲ್ಲಿ ರೂಟರ್‌ಗೆ ಸಿಕ್ಕಿಸಿದರೆ ಈ ಡಬಲ್ ಓಡಾಟ ತಪ್ಪುತ್ತದೆ.

ಪೆನ್‌ಡ್ರೈವ್‌ನದು ಬೇರೆಯೇ ತಕರಾರು. 64 ಜಿಬಿ ಖಾಲಿ ಇದ್ದರೂ ಕೆಲವೊಮ್ಮೆ ಫೈಲ್ ತುಂಬಾ ದೊಡ್ಡದು ಎನ್ನುತ್ತದೆ. ಅದು ಫ್ಯಾಟ್32 ಪದ್ಧತಿಯಲ್ಲಿ ಫಾರ್ಮ್ಯಾಟ್ ಆಗಿರುತ್ತದೆ. ಅದರಲ್ಲಿ ಫೈಲಿನ ಗಾತ್ರ ಬರೆಯಲು 32 ಬಿಟ್ ಜಾಗ ಮಾತ್ರ ಇದೆ. ಅಷ್ಟರಲ್ಲಿ 4 ಜಿಬಿಗಿಂತ ದೊಡ್ಡ ಅಂಕಿ ಹಿಡಿಸುವುದಿಲ್ಲ. ಒಳಗಿರುವುದನ್ನು ಬೇರೆಡೆ ಇಟ್ಟು ಎಕ್ಸ್‌ಫ್ಯಾಟ್ ಎಂಬ ಪದ್ಧತಿಗೆ ಫಾರ್ಮ್ಯಾಟ್ ಮಾಡಿದರೆ ಅದೇ ಪೆನ್‌ಡ್ರೈವ್ ಅದೇ ವಿಡಿಯೊವನ್ನು ತಕರಾರಿಲ್ಲದೆ ನುಂಗುತ್ತದೆ.