ಮೀಟರ್ ಬೋರ್ಡಿನ ಮಂದ ಬೆಳಕಿಗೆ ಬಲ್ಬೊಂದೇ ಹೊಣೆಯಲ್ಲ

ದಾವಣಗೆರೆಯ ಪಿ.ಬಿ. ರಸ್ತೆಯ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ನಿಂತು, ಹಳೆಯ ಅಂಬಾಸಿಡರ್ ಕಾರಿನ ಮೀಟರ್ ಲೈಟ್ ಮಂಕಾಗಿದೆ ಎಂದು ಹೇಳಿ ನೋಡಿ. ಮರುಮಾತಿಲ್ಲದೆ ಎಲ್‌ಇಡಿ ಬಲ್ಬಿನ ಪೊಟ್ಟಣ ಕೈಗೆ ಬರುತ್ತದೆ. ಬೆಲೆಯೂ ಹೆಚ್ಚಲ್ಲ. ಹಾಕಿಸಿದ ದಿನ ಸ್ಪೀಡೋಮೀಟರ್ ಮದುವೆ ಮನೆಯ ಚಪ್ಪರದಂತೆ ಝಗಮಗಿಸುತ್ತದೆ. ತೊಂದರೆಗಳು ಕಾಣುವುದು ಆಮೇಲೆ: ನಡುವೆ ಕಣ್ಣು ಕುಕ್ಕುವ ನೀಲಿ ಚುಕ್ಕೆ, ಅಂಚಿನ ಅಂಕಿಗಳೆಲ್ಲ ಕತ್ತಲಲ್ಲಿ. ಕೆಲವು ಕಾರುಗಳಲ್ಲಂತೂ ಬ್ಯಾಟರಿ ಚಾರ್ಜ್ ಆಗುವುದೇ ನಿಲ್ಲುತ್ತದೆ. ಮೀಟರಿನ ಬಲ್ಬಿಗೂ ಬ್ಯಾಟರಿಗೂ ಎತ್ತಣಿಂದೆತ್ತ ಸಂಬಂಧ ಎಂದು ಮಾಲೀಕರು ತಲೆ ಕೆರೆದುಕೊಳ್ಳುತ್ತಾರೆ. ಸಂಬಂಧ ಇದೆ. ಹಳೆಯ ಕಾರಿನಲ್ಲಿ ಬಲ್ಬು ಬೆಳಕು ಕೊಡುತ್ತಲೇ ಇನ್ನೂ ಒಂದೆರಡು ಕೆಲಸಗಳನ್ನು ಸದ್ದಿಲ್ಲದೆ ಮಾಡುತ್ತಿರುತ್ತದೆ.

ಮೊದಲು ಮಂಕಿನ ಕಾರಣ ನೋಡೋಣ. ಈ ಮೀಟರುಗಳ ಹಿಂದೆ ಇರುವುದು ಸಾಮಾನ್ಯವಾಗಿ ಎರಡು ಮೂರು ವ್ಯಾಟಿನ ಪುಟ್ಟ ಬಲ್ಬು. ಅದರ ಟಂಗ್‌ಸ್ಟನ್ ತಂತಿ 2,000 ಡಿಗ್ರಿ ಸೆಲ್ಸಿಯಸ್ ದಾಟಿ ಕಾದಾಗ ಬೆಳಗುತ್ತದೆ. ಹೀರಿದ ವಿದ್ಯುತ್ತಿನ ಬಹುಪಾಲು ಶಾಖವಾಗಿಯೇ ಹೋಗುತ್ತದೆ. ತಂತಿಯ ಬಿಸಿ ಸ್ವಲ್ಪ ಇಳಿದರೂ ಬೆಳಕು ಬಹಳ ಇಳಿಯುತ್ತದೆ; ವೋಲ್ಟೇಜ್ ಶೇ. 10ರಷ್ಟು ಕಡಿಮೆಯಾದರೆ ಬೆಳಕು ಸುಮಾರು ಶೇ. 30ರಷ್ಟು ಕಡಿಮೆಯಾಗುತ್ತದೆ. ಆದ್ದರಿಂದಲೇ ಕೆಲಸ ಬಲ್ಲ ಮೇಸ್ತ್ರಿ ಮೊದಲು ಕೈಗೆತ್ತಿಕೊಳ್ಳುವುದು ವೋಲ್ಟೇಜ್ ಅಳೆಯುವ ಮಲ್ಟಿಮೀಟರನ್ನು. "ಬಲ್ಬು ಆಮೇಲೆ ನೋಡೋಣ ಸರ್, ಮೊದಲು ಅರ್ಥ್ ಸರಿ ಇದೆಯಾ ನೋಡುತ್ತೇನೆ" ಎನ್ನುವವರು ಸಿಕ್ಕರೆ ಗಾಡಿಯನ್ನು ಅವರಿಗೇ ಬಿಡಿ. ಅರ್ಥ್ ಎಂದರೆ ವಿದ್ಯುತ್ತು ಕಾರಿನ ಬಾಡಿಯ ಮೂಲಕ ಬ್ಯಾಟರಿಗೆ ಮರಳುವ ದಾರಿ.

ಬ್ಯಾಟರಿಯಲ್ಲಿ 12.5 ವೋಲ್ಟ್ ಇದ್ದು, ಉರಿಯುತ್ತಿರುವ ಬಲ್ಬಿನ ಹೋಲ್ಡರಿನಲ್ಲಿ 10.9 ಮಾತ್ರ ಸಿಕ್ಕರೆ ಬೆಳಕಿನ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ದಾರಿಯಲ್ಲೇ ಸೋರಿಹೋಗಿರುತ್ತದೆ. ಆ ದಾರಿ ಎಂಥದ್ದು ನೋಡಿ: ತಗಡಿನ ಹೋಲ್ಡರ್ ಮೀಟರಿನ ತಗಡಿನ ಡಬ್ಬಿಯನ್ನು ಒತ್ತಿಕೊಂಡಿದೆ, ಡಬ್ಬಿ ಸ್ಕ್ರೂ ಮೂಲಕ ಡ್ಯಾಶ್‌ಬೋರ್ಡಿಗೆ, ಡ್ಯಾಶ್‌ಬೋರ್ಡ್ ಬಾಡಿಗೆ ಅಂಟಿಕೊಂಡಿದೆ. ವಿದ್ಯುತ್ತು ಬ್ಯಾಟರಿಗೆ ಮರಳಬೇಕಾದದ್ದು ಈ ಎಲ್ಲ ಕೀಲುಗಳನ್ನು ದಾಟಿಕೊಂಡು. ಪ್ರತಿ ಕೀಲಿನಲ್ಲೂ ಅರ್ಧ ಶತಮಾನದ ತುಕ್ಕು. ಬ್ಯಾಟರಿಯ ತಂತಿ ಬಿಚ್ಚಿಟ್ಟು, ಹೋಲ್ಡರ್ ಕೂರುವ ಜಾಗವನ್ನು ನಯವಾದ ಸ್ಯಾಂಡ್ ಪೇಪರಿನಿಂದ ಉಜ್ಜಿ, ಪ್ರತಿ ಹೋಲ್ಡರಿನಿಂದಲೂ ಬಾಡಿಗೆ ಬೇರೆಯೇ ಒಂದು ಅರ್ಥ್ ತಂತಿ ಎಳೆದರೆ ಹಳೆಯ ಬಲ್ಬೇ ಮತ್ತೆ ಬೆಳಗುವುದುಂಟು. ಬಲ್ಬಿನ ಗಾಜು ಒಳಗಿನಿಂದ ಕಪ್ಪಾಗಿದ್ದರೆ ಮಾತ್ರ ಅದರ ಕಾಲ ಮುಗಿದಂತೆ. ತಂತಿಯಿಂದ ಆವಿಯಾದ ಟಂಗ್‌ಸ್ಟನ್ ಅಲ್ಲಿ ಹೋಗಿ ಕೂತಿರುತ್ತದೆ.

ಹೆಚ್ಚಿನವರು ಗಮನಿಸದ ಇನ್ನೊಂದು ಸಂಗತಿ ಡಬ್ಬಿಯ ಒಳಗೋಡೆಯ ಬಿಳಿ ಬಣ್ಣ. ಅದು ಅಂದಕ್ಕಾಗಿ ಬಳಿದದ್ದಲ್ಲ. ಬಲ್ಬಿನ ಬೆಳಕು ನೇರವಾಗಿ ಅಂಕಿಗಳಿಗೆ ತಲುಪುವುದಿಲ್ಲ. ಗೋಡೆಯಿಂದ ಗೋಡೆಗೆ ಹಲವು ಸಲ ಪುಟಿದು ಹರಡಿಕೊಳ್ಳುತ್ತದೆ. ಪ್ರತಿ ಸಲ ಶೇ. 90ರಷ್ಟು ಪ್ರತಿಫಲಿಸಿದರೆ ಐದು ಪುಟಿತಗಳ ಬಳಿಕ ಶೇ. 59ರಷ್ಟು ಉಳಿಯುತ್ತದೆ. ಬಣ್ಣ ಹಳದಿಗಟ್ಟಿ, ಮೇಲೊಂದು ಪದರ ದೂಳು ಕೂತು ಪ್ರತಿಫಲನ ಶೇ. 70ಕ್ಕೆ ಇಳಿದರೆ ಉಳಿಯುವುದು ಶೇ. 17 ಮಾತ್ರ! ಮಳೆ ಕಡಿಮೆಯ ಹಿರಿಯೂರು, ಚಳ್ಳಕೆರೆ ಸೀಮೆಯಲ್ಲಿ ಓಡಿದ ಕಾರಿನ ಮೀಟರ್ ಬಿಚ್ಚಿದರೆ ದೂಳಿಗೇನೂ ಕೊರತೆ ಇರುವುದಿಲ್ಲ. ಹೊಳಪಿಲ್ಲದ ಅಚ್ಚ ಬಿಳಿ ಬಣ್ಣವನ್ನು ತೆಳುವಾಗಿ ಬಳಿಯುವುದು ನನ್ನ ಲೆಕ್ಕದಲ್ಲಿ ಈ ಇಡೀ ಕೆಲಸದಲ್ಲೇ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಫಲದ ಹೆಜ್ಜೆ. ಆದರೆ ಎರಡನೇ ಮಹಾಯುದ್ಧದ ಕಾಲದ ಮಿಲಿಟರಿ ಜೀಪಿನ ಮೀಟರ್ ಆಗಿದ್ದರೆ ಮುಳ್ಳು, ಅಂಕಿಗಳ ಬಣ್ಣವನ್ನು ಕೆರೆಯಲು ಹೋಗಬೇಡಿ. ಅಂಥ ಕೆಲವದರಲ್ಲಿ ರೇಡಿಯಂ ಬೆರೆಸಿದ ಬಣ್ಣ ಇರುತ್ತದೆ. ಕತ್ತಲಲ್ಲಿ ಹೊಳೆಯುವುದು ನಿಂತಿದ್ದರೂ ವಿಕಿರಣ ನಿಂತಿರುವುದಿಲ್ಲ. ರೇಡಿಯಂನ ಅರ್ಧಾಯುಷ್ಯ ಸುಮಾರು 1,600 ವರ್ಷ.

ಇಷ್ಟೆಲ್ಲ ಆದ ಮೇಲೂ ಎಲ್‌ಇಡಿ ಬೇಕು ಎನ್ನುವವರು ಹಾಕಿಸಿಕೊಳ್ಳಲಿ, ನನ್ನದೇನೂ ತಕರಾರಿಲ್ಲ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ. ನೀಲಿ ಎಲ್‌ಇಡಿ ರೂಪಿಸಿದ ಅಕಾಸಾಕಿ, ಅಮಾನೊ ಮತ್ತು ನಾಕಾಮುರಾ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂದದ್ದೂ ಅದೇ ವರ್ಷ. ಬಿಳಿ ಎಲ್‌ಇಡಿ ಎಂದು ಮಾರುವುದರ ಒಳಗಿರುವುದು ಆ ನೀಲಿಯೇ. ಮೇಲೆ ಬಳಿದ ಫಾಸ್ಫರ್ ಅದರ ಒಂದಷ್ಟು ಪಾಲನ್ನು ಹಳದಿಯಾಗಿ ಬದಲಿಸುತ್ತದೆ, ಎರಡೂ ಸೇರಿ ಕಣ್ಣಿಗೆ ಬಿಳಿ. ಹಳೆಯ ಮೀಟರಿನ ಹಸಿರು ಫಿಲ್ಟರನ್ನಾದರೋ ತಂತಿ ಬಲ್ಬಿನ ಕೆಂಪು ಹೆಚ್ಚು, ನೀಲಿ ಕಡಿಮೆ ಇರುವ ಬೆಳಕಿಗೆ ಹೊಂದಿಸಿ ಮಾಡಿದ್ದು. ಅದರ ಹಿಂದೆ ತಣ್ಣನೆಯ ಬಿಳಿ ಎಲ್‌ಇಡಿ ಇಟ್ಟರೆ ಹಸಿರು ಹೋಗಿ ನೀಲಿ ಛಾಯೆ ಬರುತ್ತದೆ. ಮಂದ ಹಳದಿ ಛಾಯೆಯ ಎಲ್‌ಇಡಿ ತೆಗೆದುಕೊಂಡರೆ ಮೂಲದ ಬಣ್ಣಕ್ಕೆ ಹತ್ತಿರವಾಗುತ್ತದೆ. ಎಲ್ಲ ದಿಕ್ಕಿಗೂ ಬೆಳಕು ಚೆಲ್ಲುವಂಥದ್ದೇ ಆಗಬೇಕು, ಇಲ್ಲದಿದ್ದರೆ ಆ ನೀಲಿ ಚುಕ್ಕೆ ತಪ್ಪಿದ್ದಲ್ಲ.

ಈಗ ಬ್ಯಾಟರಿಯ ವಿಷಯ. ಮೀಟರ್ ಬೋರ್ಡಿನಲ್ಲಿ ಇಗ್ನಿಷನ್ ಹಾಕಿದಾಗ ಹೊತ್ತಿ, ಎಂಜಿನ್ ಓಡತೊಡಗಿದಾಗ ಆರುವ ಕೆಂಪು ದೀಪವೊಂದಿದೆ. ಬ್ಯಾಟರಿ ಚಾರ್ಜ್ ಮಾಡಲು ಹಳೆಯ ಬಗೆಯ ಡೈನಮೋ ಇರುವ ಕಾರಿನಲ್ಲಿ ಅದು ಬರಿಯ ಸೂಚಕ: ಒಂದು ತುದಿ ಬ್ಯಾಟರಿಯ ಕಡೆಗೆ, ಇನ್ನೊಂದು ಡೈನಮೋಗೆ, ಎರಡೂ ಕಡೆಯ ವೋಲ್ಟೇಜ್ ಸಮವಾದರೆ ದೀಪ ಆರುತ್ತದೆ. ಡೈನಮೋ ತೆಗೆಸಿ, ಅದೇ ಕೆಲಸ ಮಾಡುವ ಹೊಸ ಬಗೆಯ ಆಲ್ಟರ್ನೇಟರ್ ಹಾಕಿಸಿಕೊಂಡ ಕಾರಿನಲ್ಲಿ ಕಥೆ ಬೇರೆ. ಆಲ್ಟರ್ನೇಟರಿನ ತಿರುಗುವ ಭಾಗಕ್ಕೆ ಕಾಂತತ್ವ ಬರಲು ಮೊದಲಿಗೆ ಒಂದಿಷ್ಟು ವಿದ್ಯುತ್ತು ಬೇಕು. ಹಲವು ಆಲ್ಟರ್ನೇಟರುಗಳಿಗೆ ಅದು ಹೋಗುವುದು ಈ ಕೆಂಪು ದೀಪದ ಮೂಲಕವೇ. 2.2 ವ್ಯಾಟಿನ ಬಲ್ಬು ಸುಮಾರು 180 ಮಿಲಿಆಂಪ್ ಬಿಟ್ಟುಕೊಡುತ್ತದೆ, ಸಣ್ಣ ಎಲ್‌ಇಡಿ 20ರ ಆಸುಪಾಸು. ಅಷ್ಟರಲ್ಲಿ ಆಲ್ಟರ್ನೇಟರ್ ಎಚ್ಚರಗೊಳ್ಳುವುದಿಲ್ಲ. ಎಕ್ಸಲರೇಟರ್ ಜೋರಾಗಿ ಒತ್ತಿದಾಗ ಎದ್ದರೆ ಎದ್ದಿತು. ಎಲ್‌ಇಡಿಗೆ ಸಮಾಂತರವಾಗಿ 68 ಓಮ್, 5 ವ್ಯಾಟಿನ ರೆಸಿಸ್ಟರ್ ಜೋಡಿಸಿದರೆ ಹಳೆಯ ಲೆಕ್ಕ ಸರಿಹೋಗುತ್ತದೆ. ಆದರೆ ಅದು ಬಿಸಿಯಾಗುವ ವಸ್ತು. ನನ್ನನ್ನು ಕೇಳಿದರೆ ಆ ಒಂದು ಜಾಗದಲ್ಲಿ ಹಳೆಯ ಬಲ್ಬನ್ನೇ ಉಳಿಸಿಕೊಳ್ಳುವುದು ಲೇಸು.

ಎಡಬಲ ಎರಡೂ ಇಂಡಿಕೇಟರಿಗೆ ಒಂದೇ ಸೂಚಕ ದೀಪ ಇರುವ ಗಾಡಿಗಳಲ್ಲೂ ಇಂಥದ್ದೇ ತಮಾಷೆ. ಕೆಲವದರಲ್ಲಿ ಆ ದೀಪವನ್ನು ಎಡ ಬಲ ತಂತಿಗಳ ನಡುವೆ ಕಟ್ಟಿರುತ್ತಾರೆ. ಎಡಕ್ಕೆ ಹಾಕಿದಾಗ ವಿದ್ಯುತ್ತು ಒಂದು ದಿಕ್ಕಿಗೆ, ಬಲಕ್ಕೆ ಹಾಕಿದಾಗ ಎದುರು ದಿಕ್ಕಿಗೆ ಹರಿಯುತ್ತದೆ. ತಂತಿ ಬಲ್ಬಿಗೆ ಎರಡೂ ಒಂದೇ. ಎಲ್‌ಇಡಿ ವಿದ್ಯುತ್ತನ್ನು ಒಂದೇ ದಿಕ್ಕಿನಲ್ಲಿ ಬಿಡುವುದರಿಂದ ಒಂದು ಕಡೆಗೆ ಮಾತ್ರ ಮಿನುಗುತ್ತದೆ. ಎರಡೂ ದಿಕ್ಕಿಗೆ ಒಗ್ಗುವ ಎಲ್‌ಇಡಿಯನ್ನೇ ಕೇಳಿ ತೆಗೆದುಕೊಳ್ಳಬೇಕು.

ಬೆಳಕು ಏರಿಸಿ ಇಳಿಸುವ ಗುಬುಟಿಯೂ ಕೈಕೊಡುತ್ತದೆ. ಪೂರ್ತಿ ಬೆಳಕಿನಲ್ಲಿ ಒಟ್ಟು 1.1 ಆಂಪ್ ಎಳೆಯುವ ಆರು ಬಲ್ಬುಗಳಿದ್ದಾಗ, ಗುಬುಟಿಯ ಹಿಂದಿನ 10 ಓಮಿನ ರಿಯೋಸ್ಟಾಟ್ (ಹೆಚ್ಚು ಕಡಿಮೆ ಮಾಡಬಹುದಾದ ತಡೆ) ಅರ್ಧದಷ್ಟು ವೋಲ್ಟೇಜನ್ನು ತಾನೇ ನುಂಗುತ್ತಿತ್ತು. ಆರು ಎಲ್‌ಇಡಿಗಳು ಎಳೆಯುವ 0.12 ಆಂಪಿಗೆ ಅದು ತಡೆಯುವುದು 1.2 ವೋಲ್ಟ್ ಮಾತ್ರ. ಸೆಕೆಂಡಿಗೆ ನೂರಾರು ಸಲ ಹೊತ್ತಿಸಿ ಆರಿಸುವ ಎಲೆಕ್ಟ್ರಾನಿಕ್ ಡಿಮ್ಮರ್ ಬೇಕಾಗುತ್ತದೆ.

ಆ ಖರ್ಚು ದಂಡವಲ್ಲ. ಮಂದ ಬೆಳಕಿಗೆ ಒಗ್ಗುವ ನಮ್ಮ ಕಣ್ಣಿನ ದಂಡಕೋಶಗಳು ಅತಿ ಹೆಚ್ಚು ಸ್ಪಂದಿಸುವುದು 507 ನ್ಯಾನೊಮೀಟರ್ ಸುತ್ತಲಿನ ನೀಲಿಹಸಿರು ಬೆಳಕಿಗೆ. ಕಡುಕೆಂಪು ಅವಕ್ಕೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಪೂರ್ತಿ ಕತ್ತಲಿಗೆ ಹೊಂದಿಕೊಳ್ಳಲು ಕಣ್ಣಿಗೆ ಅರ್ಧ ಗಂಟೆಯಷ್ಟು ಬೇಕು. ಹೆದ್ದಾರಿಯ ದೀಪಗಳ ನಡುವೆ ಅಷ್ಟು ಕತ್ತಲು ಸಿಗುವುದಿಲ್ಲವಾದರೂ ಸಿಕ್ಕಷ್ಟನ್ನು ತಣ್ಣನೆಯ ಬಿಳಿ ಮೀಟರ್ ಕೆಡಿಸುತ್ತದೆ. ಆದ್ದರಿಂದ ಹಾಡುಹಗಲಲ್ಲಿ ಗ್ಯಾರೇಜಿನೊಳಗೆ ಹೊತ್ತಿಸಿ "ಇನ್ನೂ ಸ್ವಲ್ಪ ಬೇಕು" ಎನ್ನುವ ಬದಲು, ರಾತ್ರಿ ದಾವಣಗೆರೆ ಬಿಟ್ಟು ಚಿತ್ರದುರ್ಗದ ದಾರಿಯಲ್ಲಿ ಆನಗೋಡು ದಾಟಿದ ಮೇಲೆ ಪಕ್ಕದಲ್ಲಿ ಕೂತವರಿಗೆ ಗುಬುಟಿ ತಿರುಗಿಸಲು ಹೇಳಿ. ಅಂಕಿ ಓದಲು ಬಂದು, ಮುಂದಿನ ಗಾಜಿನಲ್ಲಿ ಮೀಟರಿನ ಬಿಂಬ ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಬಹುದು.