ಅಂತರ್ಜಲ, ಅಂತರ್ಜಾಲ ಮತ್ತು ನೆರೆ ನುಗ್ಗಿದ ಬಾವಿ

ತೀರ್ಥಹಳ್ಳಿ ರಸ್ತೆಯ ಒಂದು ಗೋಡೆಯ ಮೇಲೆ ‘ಅಂತರ್ಜಾಲ ಉಳಿಸಿ, ಇಂಗುಗುಂಡಿ ತೋಡಿ’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಗುಂಡಿ ತೋಡಿದರೆ ನಮ್ಮೂರಲ್ಲಿ ನೆಟ್‌ವರ್ಕ್ ಸಿಗುವುದಾದರೆ ನಾನೇ ಮೊದಲು ಗುದ್ದಲಿ ಹಿಡಿಯುತ್ತೇನೆ. ಒಂದು ದೀರ್ಘ ಜಾಸ್ತಿಯಾಗಿದೆ, ಹೋಗಲಿ ಬಿಡಿ. ಸಿಟ್ಟು ಬರುವುದು ಕಾಗುಣಿತ ಸರಿಯಿದ್ದೂ ಅರ್ಥ ತಪ್ಪಿದಾಗ. ಮಳೆಗಾಲದಲ್ಲಿ ಕರಾವಳಿಗೆ ನೆರೆ ಬಂದರೆ ಸಾಕು, ‘ಅಂತರ್ಜಲ ಕಲುಷಿತ’ ಎಂಬ ತಲೆಬರಹ. ಕೆಳಗೆ ಕಟ್ಟೆ ಮುಳುಗಿದ ಬಾವಿಯ ಫೋಟೋ.

‘ಅಂತರ್’ ಸಂಸ್ಕೃತದ್ದು. ಒಳಗೆ ಅಂತಲೂ ಆಗುತ್ತದೆ, ನಡುವೆ ಅಂತಲೂ ಆಗುತ್ತದೆ. ಅಂತರ್ಜಲದಲ್ಲಿ ಇರುವುದು ‘ಒಳಗೆ’, ಅಂತರ್ಮುಖಿಯಲ್ಲಿ ಇರುವ ಹಾಗೆ. ಅಂತರ್ಜಾಲದಲ್ಲಿ ‘ನಡುವೆ’. ಇಂಟರ್‌ನೆಟ್ಟಿನ ‘ಇಂಟರ್’ ಕೂಡ ಲ್ಯಾಟಿನ್ ಕಡೆಯಿಂದ ಇದಕ್ಕೆ ನೆಂಟನೇ. ಇನ್ನು ಕೆಲವರು ಚಂದ ಕೇಳಿಸಲಿ ಅಂತ ಅಂತರ್ಜಲಕ್ಕೆ ‘ಅಂತರಗಂಗೆ’ ಅನ್ನುತ್ತಾರೆ. ಸ್ವಾಮಿ, ಅದು ಕೆರೆಯ ಮೇಲೆ ಪುಟ್ಟ ಎಲೆಕೋಸಿನ ಹಾಗೆ ತೇಲುವ ಕಳೆ! ಕೋಲಾರದ ಬೆಟ್ಟದಲ್ಲಿ ಬಸವನ ಬಾಯಿಂದ ನೀರು ಬರುವ ಜಾಗಕ್ಕೂ ಅದೇ ಹೆಸರಿದೆ. ಅಲ್ಲಿ ಮಾತ್ರ ಒಪ್ಪುತ್ತದೆ.

ಭೂಮಿಯೊಳಗೆ ಹೊಳೆ ಹರಿಯುತ್ತಿದೆ ಅನ್ನುವ ಕಲ್ಪನೆಯೂ ಬೇಡ. ಒಂದು ಜಂಬಿಟ್ಟಿಗೆ ಕಲ್ಲನ್ನು ನೀರಲ್ಲಿ ಮುಳುಗಿಸಿ ಎತ್ತಿ. ಅದರ ತೂತುಗಳಿಂದ ಸುಮಾರು ಹೊತ್ತು ತೊಟ್ಟಿಕ್ಕುತ್ತದಲ್ವಾ, ಅಂತರ್ಜಲ ಇರುವುದು ಹಾಗೆ. ಬಾವಿ ಅದಕ್ಕೆ ನಾವು ತೆಗೆದ ಕಿಂಡಿ ಅಷ್ಟೇ.

ಈಗ ಆ ಫೋಟೋ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ಗೇಟು ತೆಗೆದರೆ ಹೊನ್ನಾವರದ ಹೊಳೆದಂಡೆಯವರಿಗೆ ಎಚ್ಚರಿಕೆ ಹೋಗುತ್ತದೆ. ನಮ್ಮ ಮಲೆನಾಡಲ್ಲಿ ಬಿದ್ದ ಮಳೆಗೆ ಅವರು ನಿದ್ದೆಗೆಡಬೇಕು. ನೀರು ಬಾವಿಕಟ್ಟೆ ದಾಟಿತೋ, ಕೊಟ್ಟಿಗೆಯದ್ದು, ಪಾಯಿಖಾನೆಯದ್ದು ಎಲ್ಲ ಬಾವಿಗೆ. ಇದು ಮೇಲಿಂದ ಬಿದ್ದ ಕೊಳೆ. ನೆರೆ ಇಳಿದ ಮೇಲೆ ನೀರು ಖಾಲಿ ಮಾಡಿ, ಬ್ಲೀಚಿಂಗ್ ಪೌಡರ್ ಹಾಕಿ, ಪರೀಕ್ಷೆ ಮಾಡಿಸುವುದು. ಅಲ್ಲಿವರೆಗೆ ಕುಡಿಯುವ ನೀರನ್ನು ಬೇರೆ ಕಡೆಯಿಂದ ತರುವುದು. ಅದೇ ಪಾಯಿಖಾನೆ ಗುಂಡಿ ಮಣ್ಣೊಳಗೇ ಜಿನುಗಿ ಬಾವಿ ಸೇರಿದರೆ ಕೆಟ್ಟಿದ್ದು ಅಂತರ್ಜಲ. ಕಟ್ಟೆ ಎಷ್ಟು ಎತ್ತರಿಸಿದರೂ ಅದು ನಿಲ್ಲುವುದಿಲ್ಲ.

ಉಪ್ಪಿನ ಕತೆ ಬೇರೆಯೇ. ಕಡಲ ಪಕ್ಕದ ನೆಲದಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ಕೂತಿರುತ್ತದೆ. ಸಮುದ್ರಮಟ್ಟಕ್ಕಿಂತ 1 ಮೀಟರ್ ಮೇಲೆ ಸಿಹಿನೀರಿದ್ದರೆ, ಆ ಮಟ್ಟದಿಂದ ಕೆಳಗೆ ಸುಮಾರು 40 ಮೀಟರ್‌ವರೆಗೂ ಸಿಹಿನೀರೇ ಇರುತ್ತದೆ ಅನ್ನುವುದು ಲೆಕ್ಕ. ಪಂಪ್ ಹಾಕಿ ಮೇಲಿನ ಮಟ್ಟ ಇಳಿಸುತ್ತಾ ಹೋದರೆ ಕೆಳಗಿಂದ ಉಪ್ಪು ಏರುತ್ತಾ ಬರುತ್ತದೆ. ಇದಕ್ಕೆ ಬ್ಲೀಚಿಂಗ್ ನಡೆಯುವುದಿಲ್ಲ. ಕುದಿಸಿದರಂತೂ ಇನ್ನಷ್ಟು ಉಪ್ಪು!

ಕುಂದಾಪುರದ ಕಡೆ ಕೊಟ್ಟ ನಮ್ಮ ಸೋದರತ್ತೆ ಏಪ್ರಿಲ್ ಬಂತೆಂದರೆ ಕೊಡ ಎತ್ತಿದ ಕೂಡಲೇ ಬೆರಳದ್ದಿ ನಾಲಗೆಗೆ ಹಚ್ಚಿ ನೋಡುತ್ತಾರೆ. ಬೇಳೆ ಬೇಯುವುದಿಲ್ಲ. ಅವರ ಕೇರಿಗೆ ನಳ್ಳಿ ಬಂದಿಲ್ಲ, ಟ್ಯಾಂಕರ್ ಬಂದ ದಿನ ಬಂತು. ‘ಕಲುಷಿತ’ ಅನ್ನುವ ಪದ ಅವರ ಬಾಯಲ್ಲಿ ನಾನು ಕೇಳಿಲ್ಲ. ಮಳೆಗಾಲದಲ್ಲಿ ‘ಬಾವಿ ಹಾಳಾಗಿದೆ’ ಅನ್ನುತ್ತಾರೆ. ಬೇಸಿಗೆಯಲ್ಲಿ ‘ಒರತೆಯೇ ಉಪ್ಪಾಗಿದೆ’ ಅನ್ನುತ್ತಾರೆ.