ಬಿಡಾರಕ್ಕೂ ಮನೆಗೂ ನಡುವೆ: ಮಲೆನಾಡಿನಲ್ಲಿ ಸೂರಿಲ್ಲದ ಹೆಂಗಸರು

ಮಲೆನಾಡಿನಲ್ಲಿ ಮನೆಯಿಲ್ಲದ ಹೆಂಗಸರು ಎಲ್ಲಿದ್ದಾರೆ, ಬೀದಿಯಲ್ಲಿ ಯಾರೂ ಕಾಣೋದಿಲ್ಲವಲ್ಲ ಅಂತ ಕೇಳುವವರಿದ್ದಾರೆ. ಕಾಣುವುದಿಲ್ಲ, ನಿಜ. ಆಗುಂಬೆಯಲ್ಲಿ ವರ್ಷಕ್ಕೆ ಬೀಳುವ ಮಳೆ 7,000 ಮಿಲಿಮೀಟರ್ ದಾಟುತ್ತದೆ. ಜೂನ್ ಹಿಡಿದ ಮೇಲೆ ಇಲ್ಲಿ ಬಯಲಲ್ಲಿ ಮಲಗಲು ಯಾರಿಂದಲೂ ಆಗದು. ಹಾಗಾಗಿ ಮನೆ ಕಳೆದುಕೊಂಡವಳು ಎಲ್ಲಾದರೂ ಒಂದು ಕಡೆ ನುಸುಳಿಕೊಳ್ಳುತ್ತಾಳೆ. ಅಕ್ಕನ ಮನೆಯ ಅಡುಗೆಕೋಣೆಯ ಮೂಲೆ, ಯಾರದೋ ಜಗಲಿ, ಕೊಟ್ಟಿಗೆಯ ಅಟ್ಟ. ಅಡಿಕೆ ಸುಲಿಯುವ ಕಾಲದಲ್ಲಿ ಕೆಲಸ ಕೊಟ್ಟವರ ಶೆಡ್ಡು. ಶಿವಮೊಗ್ಗ ಪೇಟೆಗೆ ಬಂದರೆ ಬಸ್ ನಿಲ್ದಾಣದ ಬೆಂಚು ಅಥವಾ ಆಸ್ಪತ್ರೆಯ ವರಾಂಡ. ವರಾಂಡದಲ್ಲಿ ಒಂದು ಅನುಕೂಲ ಇದೆ. ಯಾರೋ ರೋಗಿಯ ಕಡೆಯವಳು ಅಂದುಕೊಂಡು ಎಬ್ಬಿಸುವುದಿಲ್ಲ.

ಜನಗಣತಿಯಲ್ಲಿ ಮನೆಯಿಲ್ಲದವರನ್ನು ಎಣಿಸುವುದು ಒಂದೇ ರಾತ್ರಿ. 2011ರಲ್ಲಿ ಅದು ಫೆಬ್ರವರಿ 28ರ ರಾತ್ರಿ. ಫುಟ್‌ಪಾತು, ರೈಲು ನಿಲ್ದಾಣ, ದೇವಸ್ಥಾನದ ಪ್ರಾಂಗಣ ಇಲ್ಲೆಲ್ಲ ಮಲಗಿದವರನ್ನು ಲೆಕ್ಕ ಹಾಕಿದರು. ದೇಶದಲ್ಲಿ ಸುಮಾರು 17.7 ಲಕ್ಷ ಜನ ಸಿಕ್ಕರು. ಅಕ್ಕನ ಅಡುಗೆಕೋಣೆಯಲ್ಲಿ ಮಲಗಿದ್ದವಳು ಈ ಲೆಕ್ಕದಲ್ಲಿಲ್ಲ. ಕಾಗದದ ಪ್ರಕಾರ ಅವಳಿಗೆ ಮನೆ ಇದೆ.

ಇದು ಹೇಗೆ ಹೀಗಾಯಿತು ಅಂತ ನೋಡಲು ಸ್ವಲ್ಪ ಹಿಂದೆ ಹೋಗಬೇಕು.

ಬಿಡಾರ ಅನ್ನುವ ಪದ ಮಲೆನಾಡಿನವರಿಗೆ ಚೆನ್ನಾಗಿ ಗೊತ್ತು. ಘಟ್ಟದ ಕೆಳಗಿನಿಂದ ತೋಟದ ಕೆಲಸಕ್ಕೆ ಹತ್ತಿ ಬಂದವರು ಒಡೆಯರ ಜಾಗದಲ್ಲಿ ಕಟ್ಟಿಕೊಳ್ಳುತ್ತಿದ್ದ ಸೋಗೆಯ ಗುಡಿಸಲು ಅದು. ಕೆಲಸ ಇರುವಷ್ಟು ದಿನ ಬಿಡಾರ. ಕಾಫಿ ಎಸ್ಟೇಟಿಗೆ ಬಂದರೆ ಅದೇ ಲೈನ್ ಮನೆ ಆಯಿತು: ಉದ್ದಕ್ಕೆ ಒಂದೇ ಗೋಡೆ, ಒಂದೇ ಹೆಂಚು, ಪಕ್ಕಪಕ್ಕ ಬಾಗಿಲು. ತೋಟದ ಕಾರ್ಮಿಕರಿಗೆ ಮಾಲೀಕರು ಮನೆ ಕೊಡಲೇಬೇಕು ಅಂತ 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಹೇಳಿತು. ಒಳ್ಳೆಯ ಕಾನೂನೇ. ಆದರೆ ಅದು ಸೂರನ್ನು ಕೆಲಸಕ್ಕೆ ಗಂಟು ಹಾಕಿತು. ಗಂಡ ತೀರಿಕೊಂಡು, ತನ್ನ ಸೊಂಟ ಬಿದ್ದು, ಬುಟ್ಟಿ ಹೊರಲು ಆಗದ ದಿನ ಬಂದರೆ ಲೈನ್ ಮನೆಯನ್ನೂ ಬಿಡಬೇಕು. ಮೂವತ್ತು ವರ್ಷ ಅದೇ ಒಲೆಯಲ್ಲಿ ಅನ್ನ ಬೇಯಿಸಿದ್ದರೂ ಅಷ್ಟೇ.

ಭದ್ರಾವತಿಯದು ಬೇರೆ ತೋಟ, ಅದೇ ಕತೆ. 1923ರಲ್ಲಿ ಉತ್ಪಾದನೆ ಶುರು ಮಾಡಿದ ಕಬ್ಬಿಣದ ಕಾರ್ಖಾನೆ, ಆಮೇಲೆ ಬಂದ ಕಾಗದ ಕಾರ್ಖಾನೆ, ಎರಡರ ಸುತ್ತಲೂ ಕ್ವಾರ್ಟರ್ಸ್ ಬೆಳೆದವು. ನಲ್ಲಿ ನೀರು, ಕರೆಂಟು, ಹಿತ್ತಲಲ್ಲಿ ಕರಿಬೇವು. ಎಸ್ಟೇಟಿನ ಲೈನಿಗೆ ಹೋಲಿಸಿದರೆ ಅರಮನೆ. ಅದೂ ನೌಕರನ ಹೆಸರಿಗೆ ಬಂದ ಮನೆಯೇ, ನೌಕರಿ ಮುಗಿದ ಮೇಲೆ ಬೀಗದ ಕೈ ಕೊಡಬೇಕು.

ಇನ್ನು ಭೂಮಿಯ ಮಾತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. ಭತ್ತ ಅಳೆಯುವ ಕೊಳಗದ ಅಳತೆಯಿಂದ ಹುಟ್ಟಿದ ಜಗಳ ಸತ್ಯಾಗ್ರಹವಾಯಿತು. ಅದರ ಫಲ ಪೂರ್ತಿ ಕೈಗೆ ಬಂದದ್ದು ದೇವರಾಜ ಅರಸರ ಕಾಲದಲ್ಲಿ, 1974ರ ಭೂಸುಧಾರಣೆ ತಿದ್ದುಪಡಿಯಿಂದ. ಉಳುವವನೇ ಒಡೆಯ. ಆ ಘೋಷಣೆ ನಮ್ಮ ಜಿಲ್ಲೆಯ ಹೆಮ್ಮೆ, ನನಗೂ ಹೆಮ್ಮೆಯೇ. ಆದರೂ ಅದನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ: ಉಳುವ‘ವನು’. ಗೇಣಿ ಭೂಮಿಯ ಹಕ್ಕು ಕೇಳುವ ಅರ್ಜಿಯಾದ ಫಾರಂ ನಂಬರ್ 7 ತುಂಬಿದವರು ಹೆಚ್ಚಿನ ಮನೆಗಳಲ್ಲಿ ಗಂಡಸರು. ನಾಟಿ, ಕಳೆ, ಕೊಯ್ಲು ಮಾಡಿದವಳ ಹೆಸರು ಆ ಫಾರಂನಲ್ಲಿ ಬರಬೇಕಾದರೆ ಅವಳು ವಿಧವೆಯಾಗಿರಬೇಕಿತ್ತು.

ಈ ನಡುವೆ ಶರಾವತಿ ನೀರು ಏರಿತು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರು ಸುಮಾರು 300 ಚದರ ಕಿಲೋಮೀಟರ್ ಹರಡಿಕೊಂಡಿತು. ಸಾವಿರಾರು ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಸಾಗರ, ಹೊಸನಗರ, ತೀರ್ಥಹಳ್ಳಿ, ಶಿವಮೊಗ್ಗದ ಕಾಡಂಚಿಗೆ ಬಂದವು. ಆ ಜಾಗದ ಹಕ್ಕುಪತ್ರದ ಗಲಾಟೆ ಅರವತ್ತು ವರ್ಷ ಕಳೆದರೂ ಮುಗಿದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಒಂದು ಒಳ್ಳೆಯ ಕೆಲಸ ಮಾಡಿತು. ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿಗೂ ಜಂಟಿಯಾಗಿ ಇರಬೇಕು, ಒಂಟಿಯಾಗಿದ್ದರೆ ಒಬ್ಬರ ಹೆಸರಿಗೇ ಕೊಡಬೇಕು ಅಂತ ಬರೆಯಿತು. ಆದರೆ ಪರಿಶಿಷ್ಟ ಪಂಗಡದವರಲ್ಲದವರು 75 ವರ್ಷದ ವಾಸಕ್ಕೆ ದಾಖಲೆ ತರಬೇಕು. 1960ರ ದಶಕದಲ್ಲಿ ಸರ್ಕಾರವೇ ತಂದು ಬಿಟ್ಟವರು 75 ವರ್ಷದ ದಾಖಲೆ ಎಲ್ಲಿಂದ ತರುತ್ತಾರೆ? ಗಂಡನಿಗೇ ಕಾಗದ ಇಲ್ಲದ ಕಡೆ ಹೆಂಡತಿಯ ಪಾಲಿನ ಪ್ರಶ್ನೆಯೇ ಏಳುವುದಿಲ್ಲ.

ತವರಿನ ಕಡೆ ನೋಡಿದರೆ ಅಲ್ಲಿ ಕಾನೂನು ಮುಂದಿದೆ, ಮನೆ ಹಿಂದಿದೆ. ಹಳೇ ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಂಗಸರ ಆಸ್ತಿ ಹಕ್ಕಿಗೆ ಒಂದು ಕಾಯ್ದೆ ತಂದಿತ್ತು. ಶಿವಮೊಗ್ಗ ಆಗ ಆ ಸಂಸ್ಥಾನದ ಜಿಲ್ಲೆ. 1994ರಲ್ಲಿ ಕರ್ನಾಟಕ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮ ಪಾಲು ಕೊಟ್ಟಿತು, ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಕೊಟ್ಟ ಹೆಣ್ಣು ಕುಲದಿಂದ ಹೊರಗೆ ಅನ್ನುವ ಗಾದೆಯನ್ನು ಯಾವ ತಿದ್ದುಪಡಿಯೂ ಮುಟ್ಟಲಿಲ್ಲ. ಈಗ ಅದಕ್ಕೆ ಛಾಪಾ ಕಾಗದದ ರೂಪ ಬಂದಿದೆ. ಅಣ್ಣಂದಿರು ಕರೆಯುತ್ತಾರೆ, ಹಬ್ಬಕ್ಕೆ ಸೀರೆ ಕೊಡುತ್ತಾರೆ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ತವರಿನ ಬಾಗಿಲು ತೆರೆದಿರಲಿ ಅಂತ ಅವಳು ಸಹಿ ಹಾಕುತ್ತಾಳೆ. ಗಂಡನ ಮನೆಯಿಂದ ಹೊರಬಿದ್ದು ಬಂದಾಗ ಆ ಬಾಗಿಲು ಎಷ್ಟು ದಿನ ತೆರೆದಿರುತ್ತದೆ ಅನ್ನುವುದು ಅತ್ತಿಗೆಯ ಮೇಲೆ ನಿಂತಿದೆ.

ಸರ್ಕಾರ ಏನೂ ಮಾಡಲಿಲ್ಲ ಅಂದರೆ ತಪ್ಪಾಗುತ್ತದೆ. ಅರಸರ ಕಾಲದ ಜನತಾ ಮನೆಗಳು ಇದ್ದವು. ಆಮೇಲೆ ನಮ್ಮ ಸೊರಬದ ಬಂಗಾರಪ್ಪನವರು ಮುಖ್ಯಮಂತ್ರಿಯಾಗಿದ್ದಾಗ ಬಂದದ್ದು ಬಡವರಿಗೆ ಮನೆ ಕೊಡುವ ಆಶ್ರಯ ಯೋಜನೆ. ಶಿವಮೊಗ್ಗದಲ್ಲಿ ಬೊಮ್ಮನಕಟ್ಟೆಯ ಕಡೆ ಹೋದರೆ ಆಶ್ರಯ ಬಡಾವಣೆ ಅನ್ನುವುದು ಯೋಜನೆಯ ಹೆಸರಾಗಿ ಉಳಿದಿಲ್ಲ, ಊರಿನ ಹೆಸರೇ ಆಗಿದೆ. 2000ದಲ್ಲಿ ರಾಜೀವ್ ಗಾಂಧಿ ವಸತಿ ನಿಗಮ ಬಂತು. ಈ ನಿಗಮದ ಮನೆಗಳು ಸಾಮಾನ್ಯವಾಗಿ ಹೆಂಗಸಿನ ಹೆಸರಿಗೇ ಮಂಜೂರಾಗುತ್ತವೆ. 2015ರ ಪ್ರಧಾನಮಂತ್ರಿ ನಗರ ಆವಾಸ್ ಯೋಜನೆಯೂ ಮನೆಯ ಹೆಂಗಸು ಒಡತಿಯೋ ಜಂಟಿ ಒಡತಿಯೋ ಆಗಿರಬೇಕು ಅಂದಿತು.

ಆದರೆ ಇವೆಲ್ಲ ಶುರುವಾಗುವುದು ಕುಟುಂಬದಿಂದ. ಅರ್ಜಿ ಹಾಕಲು ರೇಷನ್ ಕಾರ್ಡ್ ಬೇಕು. ಗಂಡನನ್ನು ಬಿಟ್ಟು ಬಂದವಳ ಹೆಸರು ಇರುವುದು ಅತ್ತೆಯ ಕಾರ್ಡಿನಲ್ಲಿ. ಅಲ್ಲಿಂದ ತೆಗೆಸಬೇಕು, ಬೇರೆ ಕಾರ್ಡ್ ಮಾಡಿಸಬೇಕು, ಅದಕ್ಕೆ ವಿಳಾಸ ಬೇಕು. ವಿಳಾಸ ಬೇಕಾದರೆ ಮನೆ ಬೇಕು. 2023ರಿಂದ ಬರುತ್ತಿರುವ ಗೃಹಲಕ್ಷ್ಮಿಯ 2,000 ರೂಪಾಯಿಗೂ ಇದೇ ಗೋಳು, ಅದು ಹೋಗುವುದು ಕಾರ್ಡಿನಲ್ಲಿ ಯಜಮಾನಿ ಅಂತ ಇರುವವಳಿಗೆ. ಇನ್ನು ಗೋವಿಂದಾಪುರದಂಥ ಕಡೆ ಎದ್ದಿರುವ ಜಿ ಪ್ಲಸ್ 2 (ನೆಲದ ಮನೆಯ ಮೇಲೆ ಎರಡು ಮಹಡಿ) ಮನೆಗಳಿಗೆ ಫಲಾನುಭವಿಯ ವಂತಿಗೆ ಕಟ್ಟಬೇಕು. ಬ್ಯಾಂಕು ಸಾಲ ಕೊಡುವುದು ವರಮಾನ ತೋರಿಸಿದವರಿಗೆ. ಮನೆಗೆಲಸ, ಹೋಟೆಲಿನಲ್ಲಿ ಪಾತ್ರೆ, ಕಲ್ಯಾಣಮಂಟಪದಲ್ಲಿ ತರಕಾರಿ ಹೆಚ್ಚುವುದು, ಇವಕ್ಕೆ ಯಾವ ಸಂಬಳ ಚೀಟಿ?

ಇತ್ತ ತುರ್ತು ಸೂರಿನ ಕಡೆ ಬೇರೊಂದು ದಾರಿ ಬೆಳೆಯಿತು. ನ್ಯಾಯಾಲಯ ದೂಡಿದ್ದರಿಂದ ಬೆಳೆದದ್ದು. 2009ರ ಕೊನೆಯಲ್ಲಿ ದೆಹಲಿಯ ರಾತ್ರಿ ತಂಗುದಾಣವೊಂದನ್ನು ಕೆಡವಿದ ವಿಷಯ 2010ರ ಚಳಿಯಲ್ಲಿ ಸುಪ್ರೀಂ ಕೋರ್ಟ್‌ಗೆ ಹೋಯಿತು. ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದು ತಂಗುದಾಣ ಬೇಕು, ವರ್ಷವಿಡೀ ತೆರೆದಿರಬೇಕು ಅಂತ ಕೋರ್ಟ್ ಹೇಳಿತು. ಕೇಂದ್ರ ಸರ್ಕಾರದ 2013ರ ನಗರ ಜೀವನೋಪಾಯ ಅಭಿಯಾನ ಅದನ್ನು ಯೋಜನೆ ಮಾಡಿತು: ಲಕ್ಷಕ್ಕೆ ನೂರು ಜನರಿಗೆ ಜಾಗ, ತಲೆಗೆ ಕನಿಷ್ಠ 50 ಚದರ ಅಡಿ. 2011ರಲ್ಲಿ ಶಿವಮೊಗ್ಗ ನಗರದ ಜನಸಂಖ್ಯೆ 3.22 ಲಕ್ಷ. ಮುನ್ನೂರಕ್ಕೂ ಜಾಸ್ತಿ ಹಾಸಿಗೆ ಬೇಕು ಅಂತಾಯಿತು. ಆದರೆ ಮೊದಲಿಗೆ ಯೋಜನೆ ಇದ್ದದ್ದು ಜಿಲ್ಲಾ ಕೇಂದ್ರ ಮತ್ತು ಲಕ್ಷ ದಾಟಿದ ಊರುಗಳಿಗೆ. ಸಾಗರ, ತೀರ್ಥಹಳ್ಳಿ, ಸೊರಬ, ಹೊಸನಗರ ಯಾವುದೂ ಆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಮಳೆ ಮಾತ್ರ ಅಲ್ಲೇ ಜಾಸ್ತಿ.

ಹೊಡೆತ ತಿಂದು ಬಂದವಳಿಗೆ ಇನ್ನೊಂದು ಸಾಲು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಗಂಡನ ಮನೆಯಲ್ಲೇ ಇರುವ ಹಕ್ಕು ಕೊಟ್ಟಿತು. 2006ರ ಒಂದು ತೀರ್ಪು, ಮನೆ ಅತ್ತೆಮಾವನ ಹೆಸರಿನಲ್ಲಿದ್ದರೆ ಆ ಹಕ್ಕಿಲ್ಲ ಅನ್ನುವಂತೆ ಅದನ್ನು ಕುಗ್ಗಿಸಿತು. 2020ರಲ್ಲಿ ಸುಪ್ರೀಂ ಕೋರ್ಟೇ ಅದನ್ನು ಸರಿಪಡಿಸಿತು. ನಡುವಿನ 14 ವರ್ಷ ಹೊರಗೆ ಬಿದ್ದವರ ಲೆಕ್ಕ ಯಾರ ಹತ್ತಿರವೂ ಇಲ್ಲ ಅನ್ನಿ. ಹಕ್ಕು ಇದ್ದರೂ ಹೊಡೆಯುವವನ ಜೊತೆ ಒಂದೇ ಸೂರಿನಡಿ ಇರುವುದು ಎಲ್ಲರಿಗೂ ಆಗುವ ಮಾತಲ್ಲ. ದೌರ್ಜನ್ಯಕ್ಕೆ ಸಿಕ್ಕವರಿಗೆ ತುರ್ತು ನೆರವು ಕೊಡುವ ಸರ್ಕಾರಿ ಸಖಿ ಕೇಂದ್ರಕ್ಕೆ ಹೋದರೆ ಸಾಮಾನ್ಯವಾಗಿ ಐದು ದಿನ ಇರಬಹುದು. ದಿಕ್ಕಿಲ್ಲದ ಹೆಂಗಸರಿಗಾಗಿ ಇದ್ದ ಸ್ವಾಧಾರ ಗೃಹದಲ್ಲಿ ಕೌಟುಂಬಿಕ ದೌರ್ಜನ್ಯಕ್ಕೆ ಒಳಗಾದವರಿಗೆ ಒಂದು ವರ್ಷ, ಉಳಿದವರಿಗೆ ಮೂರು ವರ್ಷ ಅಂತ ನಿಯಮ ಇತ್ತು. 2022ರಿಂದ ಅದು ಶಕ್ತಿ ಸದನ ಎಂಬ ಹೊಸ ಹೆಸರಿನಡಿ ಸೇರಿಕೊಂಡಿದೆ. ಸರ್ಕಾರಿ ಮಹಿಳಾ ನಿಲಯಗಳಲ್ಲಿ ಬೆಳೆದ ಹುಡುಗಿಯರಿಗೆ ಇಲಾಖೆಯೇ ನಿಂತು ಮದುವೆ ಮಾಡಿಸುವುದನ್ನು ಪೇಪರಿನಲ್ಲಿ ನೋಡಿರುತ್ತೀರಿ. ಅಧಿಕಾರಿಗಳು ಧಾರೆ ಎರೆಯುತ್ತಾರೆ, ಫೋಟೋ ಚೆನ್ನಾಗಿರುತ್ತದೆ. ನನಗೆ ಮಾತ್ರ ಪ್ರತಿ ಸಲ ಒಂದೇ ಯೋಚನೆ: ನಿಲಯದಿಂದ ಹೊರಗೆ ಹೋಗಲು ನಾವು ಇಟ್ಟಿರುವ ಬಾಗಿಲು ಇದೊಂದೇನಾ?

ಒಂದು ಕಡೆ ಐದು ದಿನದ ಹಾಸಿಗೆ, ಇನ್ನೊಂದು ಕಡೆ ಹಕ್ಕುಪತ್ರದ ಮನೆ. ನಡುವೆ ಸಣ್ಣ ಬಾಡಿಗೆಯ, ತನ್ನದೇ ಬೀಗದ ಕೈ ಇರುವ ಒಂದು ಕೋಣೆ ಇರಬೇಕಿತ್ತು. ಪೇಟೆಯಲ್ಲಿ ಅದನ್ನು ಹುಡುಕಲು ಹೋದ ಒಂಟಿ ಹೆಂಗಸಿನ ಕಿವಿಗೆ ಬೀಳುವ ಮೊದಲ ಮಾತು, “ಮನೇಲಿ ಗಂಡಸರು ಯಾರಿದಾರಮ್ಮ?” ಎರಡನೆಯದು ಅಡ್ವಾನ್ಸ್.

ಹೊರದೇಶಗಳಲ್ಲಿ ಈ ನಡುವಿನ ಜಾಗಕ್ಕೆ ಉತ್ತರ ಹುಡುಕಿದ್ದು ತೀರ ಹಿಂದೇನಲ್ಲ. ಮೊದಲು ಕುಡಿತ ಬಿಡು, ಔಷಧಿ ತಗೋ, ಕೆಲಸ ಹಿಡಿ, ಆಮೇಲೆ ಮನೆ ಅನ್ನುವುದೇ ಅಲ್ಲಿನ ಪದ್ಧತಿಯಾಗಿತ್ತು. 1992ರಲ್ಲಿ ನ್ಯೂಯಾರ್ಕಿನಲ್ಲಿ ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞ ಅದನ್ನು ತಿರುಗಿಸಿದರು. ಮೊದಲು ಮನೆ, ಉಳಿದದ್ದು ಆಮೇಲೆ. ಬಾಡಿಗೆ ವರಮಾನದ ಸುಮಾರು ಮೂರನೇ ಒಂದು ಪಾಲು, ಉಳಿದದ್ದನ್ನು ಯೋಜನೆ ಭರಿಸುತ್ತದೆ. ಸಹಾಯಕ್ಕೆ ಒಬ್ಬರು ಬಂದು ಹೋಗುತ್ತಾರೆ, ಆದರೆ ಸಹಾಯ ಬೇಡ ಅಂದರೂ ಮನೆ ಹೋಗುವುದಿಲ್ಲ. ಫಿನ್ಲೆಂಡ್ 2008ರಲ್ಲಿ ಇದನ್ನೇ ದೇಶದ ನೀತಿ ಮಾಡಿಕೊಂಡು, ತಂಗುದಾಣಗಳನ್ನು ಬಾಡಿಗೆ ಮನೆಗಳಾಗಿ ಬದಲಿಸಿತು.

ಅಷ್ಟು ದೂರ ಹೋಗುವುದೂ ಬೇಡ. ಚೆನ್ನೈನಲ್ಲಿ 1993ರಲ್ಲಿ ಇಬ್ಬರು ಯುವತಿಯರು ಶುರು ಮಾಡಿದ ದಿ ಬ್ಯಾನಿಯನ್ ಎಂಬ ಸಂಸ್ಥೆ ಬೀದಿಗೆ ಬಿದ್ದ, ಮಾನಸಿಕ ಕಾಯಿಲೆಯ ಹೆಂಗಸರಿಗಾಗಿ ಕೆಲಸ ಮಾಡುತ್ತದೆ. ವಾಸಿಯಾದ ಮೇಲೂ ಮನೆಗೆ ಕರೆದುಕೊಂಡು ಹೋಗುವವರಿಲ್ಲದೆ ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ಉಳಿದವರು ಅಲ್ಲಿದ್ದರು. ಅವರಿಗಾಗಿ ಸಂಸ್ಥೆ ಸಾಮಾನ್ಯ ಕೇರಿಗಳಲ್ಲಿ ಬಾಡಿಗೆ ಮನೆ ಹಿಡಿಯಿತು. ಮನೆಗೆ ನಾಲ್ಕೈದು ಜನ, ಜೊತೆಗೆ ಒಬ್ಬ ಸಹಾಯಕಿ. ಏನು ಅಡುಗೆ, ಯಾವ ಟೀವಿ ಧಾರಾವಾಹಿ, ಯಾರ ಜೊತೆ ಜಗಳ, ಎಲ್ಲ ಅವರದ್ದೇ ತೀರ್ಮಾನ. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಇದೇ ದಿಕ್ಕಿನಲ್ಲಿದೆ. ಕರೆದೊಯ್ಯಲು ಕುಟುಂಬ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವಂತಿಲ್ಲ.

ಹಾಸಿಗೆಗೂ ಮನೆಗೂ ಇರುವ ವ್ಯತ್ಯಾಸ ಮಲೆನಾಡಿನ ಹೆಂಗಸಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಮೇ ಮುಗಿಯುವುದರೊಳಗೆ ಅವಳು ಸೌದೆ ಒಟ್ಟುತ್ತಾಳೆ, ಹಪ್ಪಳ ಸಂಡಿಗೆ ಒಣಗಿಸಿ ಡಬ್ಬಿಗೆ ತುಂಬುತ್ತಾಳೆ, ಅಪ್ಪೆಮಿಡಿ ಉಪ್ಪಿಗೆ ಹಾಕುತ್ತಾಳೆ. ನಾಲ್ಕು ತಿಂಗಳ ಮಳೆಗೆ ತಯಾರಿ ಅದು. ತಂಗುದಾಣದಲ್ಲಿ ಒಂದು ಚೀಲ ಇಡಲು ಜಾಗ ಸಿಗಬಹುದು. ಉಪ್ಪಿನಕಾಯಿ ಭರಣಿ ಇಡಲು ಸಿಗುವುದಿಲ್ಲ.

ಶಿವಮೊಗ್ಗದಲ್ಲಿ ಇಂಥದ್ದು ಮಾಡಲು ದೊಡ್ಡ ಕಟ್ಟಡ ಬೇಕಿಲ್ಲ ಅನ್ನುವುದು ನನ್ನ ಅನಿಸಿಕೆ. ಊರ ಹೊರಗೆ ಒಂದು ಬ್ಲಾಕ್ ಕಟ್ಟಿ, ಗೇಟಿಗೆ ಬೋರ್ಡು ಹಾಕಿದರೆ ಅದು ಇನ್ನೊಂದು ನಿಲಯವೇ ಆಗುತ್ತದೆ. ಬೆಳಗ್ಗೆ ಆರಕ್ಕೆ ಕೆಲಸದ ಮನೆಗೆ ಹೋಗಬೇಕಾದವಳಿಗೆ ಊರ ಒಳಗೇ ಇರಬೇಕು. ಕೇರಿಗೊಂದು ಎರಡು ಸಾಧಾರಣ ಮನೆ ಸಾಕು. ಕರಾರುಪತ್ರ ಅವರದೇ ಹೆಸರಿಗೆ, ಅಡ್ವಾನ್ಸ್‌ಗೆ ಯೋಜನೆಯ ಜಾಮೀನು. ರೇಷನ್ ಕಾರ್ಡು, ಪಿಂಚಣಿ, ಆಸ್ಪತ್ರೆಗೆ ಜೊತೆಗೆ ಓಡಾಡಲು ಒಬ್ಬ ಕಾರ್ಯಕರ್ತೆ. ಎಷ್ಟು ವರ್ಷ ಅನ್ನುವ ಗಡುವು ಇರಕೂಡದು.

ದುಡ್ಡು ಎಲ್ಲಿಂದ ಅಂತ ಕೇಳಿದರೆ ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇಕಡ 3ರಷ್ಟು ಭಿಕ್ಷುಕರ ಕರ ಇದೆ. ಬೀದಿಯಲ್ಲಿ ಸಿಕ್ಕವರನ್ನು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಇಡುವುದು ಆ ಕಾಯ್ದೆಯ ದಾರಿ. ಕರ ನಾವು ಸುಮಾರು ಐವತ್ತು ವರ್ಷದಿಂದ ಕಟ್ಟುತ್ತಲೇ ಬಂದಿದ್ದೇವೆ. ಜನರನ್ನು ಹಿಡಿದಿಡುವ ಬದಲು ಅದರಲ್ಲಿ ಒಂದಿಷ್ಟನ್ನು ಬಾಡಿಗೆಗೆ ತಿರುಗಿಸಲು ಕಾಯ್ದೆಗೆ ತಿದ್ದುಪಡಿ ಬೇಕು, ವಿಧಾನಸಭೆಯಲ್ಲಿ ಯಾರಾದರೂ ಎದ್ದು ಕೇಳಬೇಕು. ರಸೀದಿಯಲ್ಲಂತೂ ಆ ಸಾಲು ಹಾಗೇ ಇದೆ.